ಶರಪುಂಖ ಹಿತ್ತಲಿಗೆ ಬಂದಾಗ: ಓದುಗರ ಪ್ರಶ್ನೆ, ತೋಟದ ಉತ್ತರ

ಹೊಲದ ಬದು, ರಸ್ತೆ ಅಂಚು, ರೈಲು ಹಳಿ ಪಕ್ಕದ ಗರಸು, ಎಲ್ಲೆಂದರಲ್ಲಿ ಮೊಣಕಾಲೆತ್ತರ ಬೆಳೆದು ನೇರಳೆ ಹೂ ಬಿಡುವ ಗಿಡ ಶರಪುಂಖ. ಕೊಗ್ಗಿ, ಕೊಗ್ಗಿಲಿ ಎಂದೂ ಕರೆಯುತ್ತಾರೆ. ಜೇನು, ದುಂಬಿ, ಚಿಟ್ಟೆಗಳಿಗಾಗಿ ಇಂಥ ಕಾಡುಗಿಡಗಳನ್ನು ಮನೆಯಂಗಳದಲ್ಲಿ ಬೆಳೆಸುವುದು ಹೇಗೆ ಎಂದು ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಅವರ ಪ್ರಶ್ನೆಗಳಿಗೇ ಈ ಸಲದ ಪುಟ ಮೀಸಲು.

ಪ್ರಶ್ನೆ: ಜೇನುಗಳಿಗೆ ಒಳ್ಳೆಯದೆಂದು ಲ್ಯಾವೆಂಡರ್ ಮತ್ತು ನೇರಳೆ ಕೋನ್‌ಫ್ಲವರ್ ಬೀಜ ತರಿಸಿ ಎರಡು ವರ್ಷ ಬಿತ್ತಿದೆ. ಕೋನ್‌ಫ್ಲವರ್ ನಾಲ್ಕೈದು ಮಾತ್ರ ಹುಟ್ಟಿತು. ಲ್ಯಾವೆಂಡರ್ ಹುಟ್ಟಿದರೂ ಮಳೆಗಾಲದಲ್ಲಿ ಕೊಳೆಯಿತು. ತಪ್ಪು ಎಲ್ಲಿ?
(ವಿದ್ಯಾನಗರ, ದಾವಣಗೆರೆ)

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಆಯ್ಕೆಯಲ್ಲಿದೆ. ಕೋನ್‌ಫ್ಲವರ್ ಉತ್ತರ ಅಮೆರಿಕದ ಹುಲ್ಲುಗಾವಲಿನ ಹೂ. ಅಲ್ಲಿ ಅದರ ಬೀಜ ಹಿಮದಡಿ ಚಳಿಗಾಲ ಕಳೆದು ವಸಂತಕ್ಕೆ ಮೊಳೆಯುತ್ತದೆ. ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿ ನಾಲ್ಕರಿಂದ ಎಂಟು ವಾರ ಇಟ್ಟು ಬಿತ್ತಿದರೆ ಇನ್ನಷ್ಟು ಹುಟ್ಟುತ್ತಿತ್ತು. ಲ್ಯಾವೆಂಡರ್ ಮೆಡಿಟರೇನಿಯನ್ ತೀರದ್ದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣ. ನಮ್ಮಲ್ಲಿ ಸೆಕೆಯೂ ಮಳೆಯೂ ಒಟ್ಟಿಗೇ ಬರುವುದರಿಂದ ಬೇರು ಕೊಳೆಯುತ್ತದೆ. ಎರಡನ್ನೂ ಹಟ ಹಿಡಿದು ಬದುಕಿಸಬಹುದು, ಆದರೆ ಜೇನಿಗೆ ಅದರಿಂದ ಹೆಚ್ಚೇನೂ ದಕ್ಕದು.

ಜೇನಿನ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ. ನೀಲಿ, ನೇರಳೆ ಮತ್ತು ನಮಗೆ ಕಾಣದ ಅತಿನೇರಳೆ ಚೆನ್ನಾಗಿ ಕಾಣುತ್ತವೆ. ನೇರಳೆ ಬೇಕೆಂಬ ನಿಮ್ಮ ಲೆಕ್ಕ ಸರಿಯೇ ಇದೆ, ಗಿಡ ಮಾತ್ರ ಊರಿನದಿರಲಿ. ಬಯಲುಸೀಮೆಯಲ್ಲಿ ಆಯ್ಕೆಗೆ ಬರವಿಲ್ಲ: ನೆಲಮಟ್ಟದಲ್ಲಿ ಸಹದೇವಿ, ಮೊಣಕಾಲೆತ್ತರಕ್ಕೆ ಶರಪುಂಖ ಮತ್ತು ತುಳಸಿ, ಸೊಂಟದೆತ್ತರಕ್ಕೆ ನೇರಳೆ ಗೋರಂಟಿ, ಬೇಲಿಗೆ ಲಕ್ಕಿ. ಒಂದರಿಂದಲೇ ಆರಂಭಿಸುವುದಾದರೆ ಶರಪುಂಖ ಹಾಕಿ. ಮಳೆ ಕೈಕೊಟ್ಟ ವರ್ಷವೂ ಹೂ ಬಿಡುತ್ತದೆ.

ಪ್ರಶ್ನೆ: ಶರಪುಂಖ ಎಂದು ಒಬ್ಬರು ತೋರಿಸಿದ ಗಿಡವನ್ನು ಇನ್ನೊಬ್ಬರು ನೀಲಿ ಗಿಡ ಎನ್ನುತ್ತಾರೆ. ಗುರುತು ಹಿಡಿಯುವುದು ಹೇಗೆ?
(ಹೊಳಲ್ಕೆರೆ)

ಉತ್ತರ: ಎಲೆಯನ್ನೇ ಕೇಳಿ, ಅದು ಹೇಳುತ್ತದೆ. ಕಿರುಎಲೆಯೊಂದರ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಶರಪುಂಖವಾದರೆ ಅಡ್ಡಕ್ಕೆ ನೇರವಾಗಿ ಹರಿಯುವುದಿಲ್ಲ, ಬಾಣದ ಹಿಂಬದಿಯ ಗರಿಯ ಹಾಗೆ ಎರಡೂ ಕಡೆ ಓರೆಯಾಗಿ ಸೀಳಿ ಕೈಗೆ ಬರುತ್ತದೆ. ಶರ ಎಂದರೆ ಬಾಣ, ಪುಂಖ ಎಂದರೆ ಅದರ ಗರಿಯ ತುದಿ. ಹೆಸರು ಬಂದದ್ದೇ ಅಲ್ಲಿಂದ. ಗುರುತಿನ ಚೀಟಿಯನ್ನು ಎಲೆಯಲ್ಲೇ ಹೊತ್ತ ಗಿಡಗಳು ಹೆಚ್ಚಿಲ್ಲ.

ಆಮೇಲೆ ಕಾಯಿ ನೋಡಿ. ಶರಪುಂಖದ ಕಾಯಿ ಚಪ್ಪಟೆ, 3ರಿಂದ 5 ಸೆಂ.ಮೀ. ಉದ್ದ, ತುದಿ ತುಸು ಮೇಲಕ್ಕೆ ಬಾಗಿರುತ್ತದೆ. ನೀಲಿ ಗಿಡದ ಕಾಯಿ ಸಣ್ಣ ಕಡ್ಡಿಯಂತೆ ದುಂಡಗೆ, ಗೊಂಚಲಾಗಿ ಇರುತ್ತದೆ. ಹೂವು ಹುರುಳಿ, ಅವರೆ ಹೂವಿನ ಆಕಾರದ್ದೇ, ಒಂದು ಸೆಂಟಿಮೀಟರಿಗಿಂತ ಚಿಕ್ಕದು, ನಸುಗೆಂಪು ಬೆರೆತ ನೇರಳೆ. ತೆನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಅರಳುತ್ತ ಹೋಗುವುದರಿಂದ ಒಂದೇ ತೆನೆ ಹಲವು ದಿನ ಜೇನಿಗೆ ಮೇವು ಕೊಡುತ್ತದೆ.

ಪ್ರಶ್ನೆ: ಬದುವಿನ ಗಿಡದಿಂದ ಒಂದು ಹಿಡಿ ಬೀಜ ತಂದು ಮೃಗಶಿರಾ ಮಳೆಗೆ ಹಾಕಿದೆ. ತಿಂಗಳಾದರೂ ಹುಟ್ಟಿದ್ದು ಆರೇಳು. ಬದುವಿನಲ್ಲಿ ತಾನಾಗಿ ಹುಟ್ಟುವ ಗಿಡ ನಾವು ಹಾಕಿದರೆ ಏಕೆ ಹುಟ್ಟುವುದಿಲ್ಲ?
(ಜಗಳೂರು)

ಉತ್ತರ: ಬದುವಿನಲ್ಲಿಯೂ ಬಿದ್ದ ಬೀಜವೆಲ್ಲ ಆ ವರ್ಷವೇ ಹುಟ್ಟುವುದಿಲ್ಲ. ಶರಪುಂಖದ ಬೀಜದ ಸಿಪ್ಪೆ ಮೇಣ ಸವರಿದ ಹಾಗೆ ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ಬಿಸಿಲು, ಮರಳಿನ ಉಜ್ಜಾಟ, ದನದ ಕಾಲ್ತುಳಿತಕ್ಕೆ ಸಿಪ್ಪೆ ಸವೆದ ಬೀಜ ಈ ವರ್ಷ, ಉಳಿದವು ಮುಂದಿನ ವರ್ಷ, ಅದರಾಚೆ. ಬರದ ಸೀಮೆಯ ಗಿಡದ ಜಾಣತನ ಇದು: ಮೊದಲ ಮಳೆಗೆ ಎಲ್ಲ ಹುಟ್ಟಿ, ಆಮೇಲೆ ಮಳೆ ನಿಂತರೆ ವಂಶವೇ ಹೋದೀತು. ಹಿತ್ತಲಲ್ಲಿ ಆ ಸವೆತವನ್ನು ನಾವು ಮಾಡಿಕೊಡಬೇಕು.

ಮೊದಲು ಬೀಜ ಸಂಗ್ರಹ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಯಿ ಕಂದು ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಒಣಗಿದ ಕಾಯಿ ಬಿಸಿಲೇರಿದಾಗ ತಿರುಚಿಕೊಂಡು ಸಿಡಿದು ಬೀಜ ಚೆಲ್ಲುವುದರಿಂದ, ಇಬ್ಬನಿ ಆರುವ ಮೊದಲೇ ತೆನೆ ಸಮೇತ ಕತ್ತರಿಸಿ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಬಿಸಿಲಿಗಿಡಿ. ಕಾಯಿ ಚೀಲದೊಳಗೇ ಸಿಡಿಯುತ್ತದೆ. ಸಣ್ಣ ದುಂಡು ತೂತು ಬಿದ್ದ ಬೀಜ ಕಂಡರೆ ಕಾಳಿನ ಹುಳ ಸೇರಿದೆ ಎಂದರ್ಥ. ಅವನ್ನು ಆರಿಸಿ ಎಸೆದು, ಉಳಿದದ್ದನ್ನು ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಹಾಕಿ ಮೂರು ನಾಲ್ಕು ದಿನ ಫ್ರೀಜರಿನಲ್ಲಿಡಿ. ಒಳಗಿರುವ ಮರಿಹುಳ ಸಾಯುತ್ತದೆ, ಒಣ ಬೀಜಕ್ಕೆ ತೊಂದರೆಯಿಲ್ಲ.

ಬಿತ್ತುವ ಹಿಂದಿನ ದಿನ ಬೀಜವನ್ನು ಎರಡು ಮರಳು ಕಾಗದದ ನಡುವೆ ಹರಡಿ ಅಂಗೈಯಿಂದ ಎರಡು ಮೂರು ನಿಮಿಷ ತಿಕ್ಕಿ. ಸಿಪ್ಪೆಯ ಹೊಳಪು ಹೋಗಿ ಮಸುಕಾದರೆ ಸಾಕು. ಒಳಗಿನ ಬಿಳಿ ಕಂಡರೆ ಹೆಚ್ಚಾಯಿತು. ಮರಳು ಕಾಗದ ಇಲ್ಲದಿದ್ದರೆ ದಪ್ಪ ಮರಳಿನ ಜೊತೆ ಒರಳಲ್ಲಿ ಹಾಕಿ, ಕುಟ್ಟದೆ, ಬರೀ ತಿರುವಿ. ರಾತ್ರಿ ನೀರಲ್ಲಿ ನೆನೆಸಿಡಿ. ಬೆಳಿಗ್ಗೆ ಉಬ್ಬಿದ ಬೀಜ ಬಿತ್ತನೆಗೆ, ಉಬ್ಬದೆ ಕಲ್ಲಿನಂತೆ ಉಳಿದವು ಮತ್ತೊಮ್ಮೆ ಮರಳು ಕಾಗದಕ್ಕೆ.

ಬಿಸಿನೀರಿನ ದಾರಿಯೂ ಇದೆ. ನೀರು ಕುದಿಸಿ ಒಲೆಯಿಂದ ಇಳಿಸಿ, ಐದು ನಿಮಿಷ ಬಿಟ್ಟು ಬೀಜದ ಮೇಲೆ ಸುರಿದು, ತಾನಾಗಿ ಆರುವವರೆಗೆ ಬಿಡಿ. ಒಲೆಯ ಮೇಲಿಟ್ಟು ಬೀಜವನ್ನೇ ಕುದಿಸಿದರೆ ಹುರುಳಿ ಬೇಯಿಸಿದಂತೆಯೇ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಪಾತಿಗೆ ಎರಡು ಅಡಿ ಅಂತರದಲ್ಲಿ 25 ಗುಣಿ, ಗುಣಿಗೆ ಮೂರರಂತೆ 75 ಬೀಜ ಬೇಕು. ಕಾಯಿಗೆ ಐದಾರು ಬೀಜ ಸಿಕ್ಕರೂ ಹುಳ ಹಿಡಿದದ್ದು, ಜೊಳ್ಳು ಕಳೆದು 25ರಿಂದ 30 ಕಾಯಿ ಇಟ್ಟುಕೊಳ್ಳಿ. ಆಳ ಒಂದು ಸೆಂಟಿಮೀಟರ್, ಅಷ್ಟೇ. ತಿಕ್ಕಿದ ಬೀಜ ಹದ ಮಣ್ಣಿನಲ್ಲಿ ವಾರ, ಹತ್ತು ದಿನದಲ್ಲಿ ಮೊಳೆಯುತ್ತದೆ. ನಾಲ್ಕು ಎಲೆಯಾದಾಗ ಗುಣಿಗೆ ಒಂದು ಗಟ್ಟಿ ಸಸಿ ಉಳಿಸಿ, ಉಳಿದದ್ದನ್ನು ಕೀಳದೆ ಕತ್ತರಿಸಿ. ಕಿತ್ತರೆ ಪಕ್ಕದ ಬೇರೂ ಅಲುಗುತ್ತದೆ.

ಕಾಲದ ಮಾತಿಗೆ ಬಂದರೆ, ಮೃಗಶಿರಾಕ್ಕೇ ಅವಸರ ಪಡಬೇಕಿಲ್ಲ. ಜಗಳೂರು, ಚಳ್ಳಕೆರೆ ಕಡೆ ಮುಂಗಾರಿನ ಮೊದಲ ಮಳೆ ನಂಬಿ ಕೆಟ್ಟವರೇ ಹೆಚ್ಚು. ಕೈನೀರು ಕೊಡುವ ಅನುಕೂಲವಿದ್ದರೆ ಜೂನ್, ಇಲ್ಲದಿದ್ದರೆ ಮಳೆ ನೆಲೆ ನಿಂತ ಮೇಲೆ ಹಾಕಿ. ಜೂನ್‌ನಲ್ಲಿ ಹಾಕಿದ್ದು ಹಸ್ತ, ಚಿತ್ತಾ ಮಳೆ ಹೊತ್ತಿಗೆ ಹೂವಿಗೆ ಬಂದು ಜನವರಿವರೆಗೂ ಬಿಡುತ್ತದೆ. ಸೂರ್ಯಕಾಂತಿ, ತೊಗರಿ ಹೂವು ಮುಗಿದು ಹೊಲ ಬರಿದಾಗುವ ಹೊತ್ತಿನಲ್ಲಿ ಜೇನಿಗೆ ಆ ಹೂವೇ ಗತಿ.

ಪ್ರಶ್ನೆ: ರಸ್ತೆ ಬದಿಯಿಂದ ಬೇರು ಸಮೇತ ಕಿತ್ತು ತಂದು ನೆಟ್ಟರೆ ಬೇಗ ಹೂ ಬರುವುದಲ್ಲವೇ? ಮೂರು ಸಲ ತಂದೆ, ಮೂರೂ ಬಾಡಿತು.
(ಹರಿಹರ)

ಉತ್ತರ: ನಾಲ್ಕನೆಯದೂ ಬಾಡುತ್ತದೆ. ಇದರ ತಾಯಿಬೇರು ಗರಸಿನೊಳಗೆ ಆಳಕ್ಕೆ ಇಳಿದಿರುತ್ತದೆ. ಕಿತ್ತಾಗ ಕೈಗೆ ಬರುವುದು ಮೇಲಿನ ಗೇಣುದ್ದ ಮಾತ್ರ. ಸಸಿ ಮಾಡಲೇಬೇಕೆಂದರೆ ಒಂದು ಲೀಟರಿನ ಹಾಲಿನ ಪ್ಯಾಕೆಟ್ ತೊಳೆದು ಅಡಿಯಲ್ಲಿ ತೂತು ಮಾಡಿ ಮಣ್ಣು ತುಂಬಿ ಬಿತ್ತಿ, ನಾಲ್ಕೈದು ವಾರದೊಳಗೆ ಪ್ಯಾಕೆಟ್ ಸೀಳಿ ಮಣ್ಣಿನ ಹೆಂಟೆ ಒಡೆಯದಂತೆ ನೆಡಿ. ಬೇರು ತಳ ಮುಟ್ಟಿ ಸುತ್ತಿಕೊಂಡ ಮೇಲೆ ತಡವಾಯಿತು.

ಪ್ರಶ್ನೆ: ನಮ್ಮದು ಎರಡನೇ ಮಹಡಿ, ತಾರಸಿ ಮಾತ್ರ ಇದೆ. ಕುಂಡದಲ್ಲಿ ಆಗುತ್ತದೆಯೇ? ಬೋರ್‌ವೆಲ್ ನೀರು ಗಡಸು.
(ಚಿತ್ರದುರ್ಗ)

ಉತ್ತರ: ಆಗುತ್ತದೆ. ಅಗಲಕ್ಕಿಂತ ಆಳ ಮುಖ್ಯ: ಕನಿಷ್ಠ 14 ಇಂಚು ಆಳದ ಕುಂಡ, ಇಲ್ಲವೇ 20 ಲೀಟರಿನ ಬಣ್ಣದ ಡಬ್ಬ. ತಳದಲ್ಲಿ ಹೆಬ್ಬೆರಳ ಗಾತ್ರದ ನಾಲ್ಕೈದು ತೂತು ಇರಲಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು ಅಥವಾ ಸಣ್ಣ ಗರಸು, ಅರ್ಧ ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ತೆಂಗಿನ ನಾರಿನ ಪುಡಿ ಬೇಡ. ನೀರು ಹಿಡಿದಿಟ್ಟುಕೊಂಡು ಈ ಗಿಡಕ್ಕೆ ಕೇಡು ಮಾಡುತ್ತದೆ. ಕುಂಡಕ್ಕೆ ಒಂದೇ ಗಿಡ. ಬಿಸಿಲು ದಿನಕ್ಕೆ ಆರು ಗಂಟೆಗೆ ಕಡಿಮೆಯಾದರೆ ಗಿಡ ಉದ್ದಕ್ಕೆ ಎಳೆದುಕೊಂಡು ಹೂವು ಕಡಿಮೆಯಾಗುತ್ತದೆ. ತಾರಸಿಯಲ್ಲಿ ಆ ಚಿಂತೆ ನಿಮಗಿಲ್ಲ.

ಗಡಸು ನೀರನ್ನು ಶರಪುಂಖ ಸಹಿಸುತ್ತದೆ, ಆದರೆ ಕುಂಡದಲ್ಲಿ ಉಪ್ಪು ಹೋಗಲು ದಾರಿಯಿಲ್ಲ. ಮಣ್ಣಿನ ಮೇಲೆ, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದರೆ ಮೇಲಿನ ಒಂದು ಇಂಚು ಮಣ್ಣು ತೆಗೆದು ಹೊಸದು ಹಾಕಿ, ಮಳೆ ನೀರು ಹಿಡಿದಿದ್ದರೆ ತಳದಿಂದ ಧಾರಾಳ ಹರಿಯುವಷ್ಟು ಒಮ್ಮೆ ಸುರಿಯಿರಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ, ಬೆರಳನ್ನು ಎರಡು ಗೆಣ್ಣಿನಷ್ಟು ಇಳಿಸಿ ನೋಡಿ ಒಣಗಿದ್ದರೆ ಮಾತ್ರ ತುಂಬ ಹಾಕುವುದು ಲೇಸು.

ಪ್ರಶ್ನೆ: ಗಿಡ ಎದೆಯೆತ್ತರ, ಎಲೆ ಕಪ್ಪು ಹಸಿರು, ನೋಡಲು ಚೆಂದ. ನವೆಂಬರ್ ಬಂದರೂ ಹೂವಿನ ತೆನೆ ಎರಡೋ ಮೂರೋ. ಡಿಎಪಿ, ಯೂರಿಯಾ ಎರಡೂ ಕೊಟ್ಟಿದ್ದೇನೆ.
(ಹೊನ್ನಾಳಿ)

ಉತ್ತರ: ಕೊಟ್ಟದ್ದೇ ಕಾರಣ. ಶರಪುಂಖ ಅವರೆ, ಅಲಸಂದೆಗಳ ಬಳಗ. ಬೇರಿನ ಗಂಟಿನಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುವುದರಿಂದಲೇ ಇದನ್ನು ಹಸಿರೆಲೆ ಗೊಬ್ಬರದ ಬೆಳೆಯಾಗಿಯೂ ಬಿತ್ತುತ್ತಾರೆ. ಊರಿಗೇ ಗೊಬ್ಬರ ಕೊಡುವ ಗಿಡಕ್ಕೆ ಚೀಲದ ಗೊಬ್ಬರ ಹಾಕಿದರೆ ಅದು ಗಂಟು ಕಟ್ಟುವುದನ್ನು ಬಿಟ್ಟು ಸೊಪ್ಪು ಬೆಳೆಸುತ್ತ ಕೂರುತ್ತದೆ. ಭದ್ರಾ ನಾಲೆಯ ಬಯಲಾದ್ದರಿಂದ ನಿಮ್ಮಲ್ಲಿ ತೇವವೂ ಹೆಚ್ಚಿರಬೇಕು, ಅದೂ ಸೊಪ್ಪಿನ ಕಡೆಗೇ ದೂಡುತ್ತದೆ.

ಈಗ ಗೊಬ್ಬರ ಪೂರ್ತಿ ನಿಲ್ಲಿಸಿ. ನೀರನ್ನು ಹತ್ತು ಹದಿನೈದು ದಿನ ಬಿಡಿ, ಮಧ್ಯಾಹ್ನ ಎಲೆ ತುಸು ಮಡಚಿದರೂ ಹೆದರಬೇಡಿ. ತುದಿಯಿಂದ ಮೂರರಲ್ಲಿ ಒಂದು ಪಾಲು ಕತ್ತರಿಸಿದರೆ ಬರುವ ಪಕ್ಕದ ರೆಂಬೆಗಳಲ್ಲಿ ತೆನೆ ಬರುತ್ತದೆ. ಮುಂದಿನ ವರ್ಷ ಹೊಸ ಜಾಗಕ್ಕೆ ಬಿತ್ತುವಾಗ, ಬದುವಿನ ಶರಪುಂಖದ ಬುಡದ ಮಣ್ಣು ಒಂದು ಹಿಡಿ ತಂದು ಬೀಜದ ಜೊತೆ ಗುಣಿಗೆ ಹಾಕಿ. ಬೇಕಾದ ಬ್ಯಾಕ್ಟೀರಿಯಾ ಅದರಲ್ಲೇ ಇರುತ್ತದೆ. ಎರಡು ತಿಂಗಳ ಗಿಡವೊಂದನ್ನು ಅಗೆದು ಗಂಟು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರು ಇದ್ದರೆ ಗಂಟು ಇದ್ದೂ ಪ್ರಯೋಜನವಿಲ್ಲ.

ಪ್ರಶ್ನೆ: ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಗಿಡ ಹಳದಿಯಾಗಿ ಬುಡದಲ್ಲಿ ಕಪ್ಪಾಗಿ ಬೀಳುತ್ತದೆ.
(ಹಿರಿಯೂರು)

ಉತ್ತರ: ಎರೆಯಲ್ಲಿ ನೀರು ನಿಂತು ಬೇರಿಗೆ ಉಸಿರಾಟವಿಲ್ಲದಂತಾಗುತ್ತದೆ, ಕೊಳೆ ರೋಗ ಹಿಂದೆಯೇ ಬರುತ್ತದೆ. ಔಷಧಿ ಸುರಿದು ಫಲವಿಲ್ಲ. ಒಂದು ಅಡಿ ಎತ್ತರ, ಎರಡು ಅಡಿ ಅಗಲದ ಏರು ಮಡಿ ಮಾಡಿ, ಮೇಲಿನ ಮಣ್ಣಿಗೆ ಮೂರರಲ್ಲಿ ಒಂದು ಪಾಲು ಗರಸು ಬೆರೆಸಿ. ಮರಳು ಸ್ವಲ್ಪವೇ ಬೆರೆಸಿದರೆ ಎರೆ ಇನ್ನಷ್ಟು ಬಿಗಿಯಾಗುತ್ತದೆ, ಹಾಕುವುದಾದರೆ ಧಾರಾಳವಾಗಿ ಹಾಕಿ. ಬುಡದ ಸುತ್ತ ಒಣ ಹುಲ್ಲು ಹೊದಿಸುವ ಅಭ್ಯಾಸವಿದ್ದರೆ ಕಾಂಡದಿಂದ ಒಂದು ಗೇಣು ದೂರ ಬಿಡಿ. ಮಣ್ಣು ಪರೀಕ್ಷೆ ಬೇಕೆನಿಸಿದರೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ. ನಾಲ್ಕು ಶರಪುಂಖಕ್ಕೆ ಅಷ್ಟು ಬೇಕಿಲ್ಲ ಎಂಬುದು ನಮ್ಮ ಅನಿಸಿಕೆ.

ಪ್ರಶ್ನೆ: ಶರಪುಂಖ ಹೂ ಬಿಟ್ಟ ಮೇಲೆ ಪಕ್ಕದ ಗುಲಾಬಿ ಎಲೆಗಳ ಅಂಚನ್ನು ಯಾವುದೋ ಹುಳ ನಾಣ್ಯದಂತೆ ದುಂಡಗೆ ಕತ್ತರಿಸುತ್ತಿದೆ. ಯಾವ ಔಷಧಿ ಹೊಡೆಯಲಿ?
(ಎಂ.ಸಿ.ಸಿ. ಬ್ಲಾಕ್, ದಾವಣಗೆರೆ)

ಉತ್ತರ: ಯಾವುದೂ ಬೇಡ. ನೀವು ಕರೆದ ಅತಿಥಿಯೇ ಬಂದಿದ್ದಾಳೆ! ಅದು ಎಲೆಕತ್ತರಿ ಜೇನು. ಎಲೆಯ ತುಂಡನ್ನು ತಿನ್ನುವುದಿಲ್ಲ. ಗೋಡೆಯ ತೂತು, ಬಿದಿರ ಕೊಳವೆ, ಒಣ ಕಡ್ಡಿಯ ಪೊಳ್ಳಿನಲ್ಲಿ ಬೀಡಿ ಸುತ್ತಿದ ಹಾಗೆ ಸುತ್ತಿ, ಒಳಗೆ ಪರಾಗದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆಯಿಡುತ್ತದೆ. ಹುಳ ತಿಂದ ಎಲೆಗೂ ಇದಕ್ಕೂ ವ್ಯತ್ಯಾಸ ಸುಲಭ. ಹುಳ ತಿಂದದ್ದು ಅಂಕುಡೊಂಕು, ಹಿಕ್ಕೆ ಬಿದ್ದಿರುತ್ತದೆ. ಇದು ಕಂಪಾಸಿನಲ್ಲಿ ಗೀರಿದ ಹಾಗೆ. ಗುಲಾಬಿ ಗಿಡಕ್ಕೆ ಇದರಿಂದ ನಷ್ಟವೇನಿಲ್ಲ.

ಶರಪುಂಖಕ್ಕೆ ಈ ಜೇನು ಏಕೆ ಬೇಕೆಂದರೆ, ಹೂವಿನ ಕೇಸರ (ಗಂಡು ಭಾಗ) ಮತ್ತು ಶಲಾಕೆ (ಹೆಣ್ಣು ಭಾಗ) ಕೆಳಗಿನ ದೋಣಿಯಾಕಾರದ ದಳದೊಳಗೆ ಮುಚ್ಚಿರುತ್ತವೆ. ಜೇನು ಕೂತು ಭಾರ ಹಾಕಿದಾಗ ದೋಣಿ ಕೆಳಗೆ ಬಾಗಿ, ಕೇಸರ ಹೊರಗೆ ಬಂದು ಅದರ ಹೊಟ್ಟೆಗೆ ತಾಗುತ್ತದೆ. ಎಲೆಕತ್ತರಿ ಜೇನು ಪರಾಗ ಹೊರುವುದು ಕಾಲಿನಲ್ಲಲ್ಲ, ಹೊಟ್ಟೆಯಡಿಯ ಕೂದಲಿನಲ್ಲಿ. ಬೀಗಕ್ಕೆ ತಕ್ಕ ಕೀಲಿಕೈ. ತೀರ ಹಗುರದ ಮುಜಂಟಿ ಜೇನಿಗೆ ಈ ದೋಣಿ ಒತ್ತುವುದು ಕಷ್ಟ, ಅದಕ್ಕೆ ತುಳಸಿಯೇ ಸರಿ.

ಇವಕ್ಕೆ ಮನೆ ಮಾಡಿಕೊಡಲು ಒಣ ಬಿದಿರನ್ನು ಗೆಣ್ಣಿನ ಹಿಂದೆ ಕತ್ತರಿಸಿ, ಒಂದು ತುದಿ ಮುಚ್ಚಿ ಇನ್ನೊಂದು ತೆರೆದಿರುವಂತೆ 15 ಸೆಂ.ಮೀ. ಉದ್ದದ ಹತ್ತಿಪ್ಪತ್ತು ತುಂಡು ಕಟ್ಟಿ. ಒಳತೂತು ಪೆನ್ಸಿಲಿನಷ್ಟು ಇರಲಿ, ಕೆಲವು ತುಸು ದೊಡ್ಡವೂ ಇರಲಿ. ಮಳೆ ಬೀಳದ, ಬೆಳಗಿನ ಬಿಸಿಲು ತಾಗುವ ಗೋಡೆಗೆ ಅಲುಗದಂತೆ ಕಟ್ಟಿ. ಗಾಳಿಗೆ ತೂಗಾಡಿದರೆ ಒಂದೂ ಬರುವುದಿಲ್ಲ. ನೆಲದಲ್ಲಿ ಗೂಡು ತೋಡುವ ನೀಲಿಪಟ್ಟಿ ಜೇನಿನಂಥವುಗಳಿಗೆ ಹಿತ್ತಲಿನ ಒಂದು ಮೂಲೆಯನ್ನು ಸಿಮೆಂಟು ಹಾಕದೆ, ಹೊದಿಕೆ ಹಾಕದೆ ಬರಿ ಮಣ್ಣಾಗಿ ಬಿಡಿ.

ಪ್ರಶ್ನೆ: ಹೂವಿನ ತೆನೆಗೆ ಕಪ್ಪು ಹೇನು ಮುತ್ತಿದೆ, ಇರುವೆಯೂ ಓಡಾಡುತ್ತಿದೆ. ಗುಲಾಬಿಗೆ ಹಾಕುವ ಇಮಿಡಾಕ್ಲೋಪ್ರಿಡ್ ಕೀಟನಾಶಕ ಮನೆಯಲ್ಲಿದೆ, ಹೊಡೆಯಲೇ?
(ಚನ್ನಗಿರಿ)

ಉತ್ತರ: ಆ ಡಬ್ಬಿ ಮುಟ್ಟಬೇಡಿ. ಅದು ಗಿಡದ ಒಳಗೆಲ್ಲ ಹರಡುವ ವಿಷ. ಬುಡಕ್ಕೆ ಹಾಕಿದರೂ ಮಕರಂದ, ಪರಾಗದವರೆಗೆ ಏರುತ್ತದೆ. ಜೇನಿಗೆಂದು ಹೂ ಬೆಳೆಸಿ ಅದರಲ್ಲೇ ವಿಷ ಉಣಿಸಿದಂತಾಗುತ್ತದೆ. ಇದೇ ಕಾರಣಕ್ಕೆ ನರ್ಸರಿಯಿಂದ ತರುವ ಹೂಗಿಡಕ್ಕೆ ಏನು ಹೊಡೆದಿದ್ದರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಹೇನಿಗೆ ಪೈಪಿನ ನೀರಿನ ರಭಸವೇ ಔಷಧಿ. ಮೂರು ದಿನಕ್ಕೊಮ್ಮೆ, ಎರಡು ಮೂರು ಸಲ. ವಿಪರೀತ ಮುತ್ತಿದ ತೆನೆಯನ್ನು ಕತ್ತರಿಸಿ ಸೋಪು ನೀರಿನ ಬಕೆಟ್ಟಿಗೆ ಹಾಕಿ. ಇರುವೆ ಹೇನಿನ ಸಿಹಿ ಸೋರಿಕೆಗಾಗಿ ಬಂದು ಅದಕ್ಕೆ ಕಾವಲು ನಿಲ್ಲುವುದರಿಂದ, ಇರುವೆಯ ದಾರಿ ತಪ್ಪಿಸಿದರೆ ಗುಲಗಂಜಿ ಹುಳು ತಾನೇ ಬಂದು ಹೇನು ತಿನ್ನುತ್ತದೆ. ಬೇವಿನೆಣ್ಣೆ ಹೊಡೆಯಲೇಬೇಕೆಂದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಎರಡು ಹನಿ ಸೋಪು. ಸೂರ್ಯ ಮುಳುಗಿದ ಮೇಲೆ, ಅರಳಿದ ಹೂವಿಗೆ ತಾಗದಂತೆ. ಬೇವು ಹಸಿರು ಔಷಧಿ ಎಂದು ಮಟಮಟ ಮಧ್ಯಾಹ್ನ ಹೂವಿನ ಮೇಲೆ ಎರಚುವುದೂ ತಪ್ಪೇ.

ಪ್ರಶ್ನೆ: ಹೂವು ಬೆಳೆಸಿದರೆ ಹೆಜ್ಜೇನು ಮನೆಗೆ ಗೂಡು ಕಟ್ಟುವುದಿಲ್ಲವೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
(ಹೊಸದುರ್ಗ)

ಉತ್ತರ: ಹೆಜ್ಜೇನು ಗೂಡಿಗೆ ಹುಡುಕುವುದು ಎತ್ತರದ ಮರ, ನೀರಿನ ಟ್ಯಾಂಕು, ಕಟ್ಟಡದ ಚಾಚು, ಬಂಡೆಯ ಕೊರಕಲು. ಮೇವಿಗೆ ಕಿಲೋಮೀಟರುಗಟ್ಟಲೆ ಹಾರುವ ಅದಕ್ಕೆ ನಿಮ್ಮ ಹತ್ತು ಗಿಡದ ಪಕ್ಕದಲ್ಲೇ ಮನೆ ಮಾಡುವ ಅಗತ್ಯವಿಲ್ಲ. ಹೂವಿನ ಮೇಲಿರುವ ಜೇನು ಹಿಡಿದರೆ, ತುಳಿದರೆ ಕಚ್ಚೀತು. ಗೂಡನ್ನು ಕೆಣಕಿದಾಗ ಬರುವ ದಾಳಿ ಬೇರೆ ವಿಷಯ. ಪಾತಿಯನ್ನು ಮಕ್ಕಳು ಬರಿಗಾಲಲ್ಲಿ ಓಡುವ ಜಾಗದಿಂದ ದೂರ ಮಾಡಿ. ಜೇನು ಕಡಿತಕ್ಕೆ ಮೈಯೆಲ್ಲ ದದ್ದು, ಉಸಿರು ಕಟ್ಟುವುದು ಹಿಂದೆ ಆದವರಿದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಕಪ್ಪಗೆ ದಪ್ಪಗೆ ಗುಂಯ್‌ಗುಟ್ಟುವ ಬಡಗಿ ದುಂಬಿಗೆ ಹೆದರಬೇಕಿಲ್ಲ. ಬಾಗಿಲ ಒಣ ಮರಕ್ಕೆ ತೂತು ಕೊರೆದರೆ ಬಣ್ಣ ಬಳಿದು, ಪಕ್ಕದಲ್ಲಿ ಒಂದು ಒಣ ನುಗ್ಗೆ ಕೊಂಬೆ ಕಟ್ಟಿ ನೋಡಿ.

ನೀರಿಡುವವರಿಗೆ ಒಂದು ಮಾತು: ಆಳವಿಲ್ಲದ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಹೊರಗಿರುವಂತೆ ನೀರು ಹಾಕಿ. ಎರಡು ದಿನಕ್ಕೊಮ್ಮೆ ತಿಕ್ಕಿ ಬದಲಿಸದಿದ್ದರೆ ಜೇನಿನ ಬದಲು ಡೆಂಗಿ ಸೊಳ್ಳೆ ಸಾಕಿದಂತಾಗುತ್ತದೆ.

ಪ್ರಶ್ನೆ: ತುಳಸಿ ಹೂ ಬಿಟ್ಟರೆ ಗಿಡ ಬೇಗ ಹೋಗುತ್ತದೆಂದು ಕದಿರು ಚಿವುಟುತ್ತೇವೆ. ಜೇನಿಗೆ ಬಿಡಬೇಕೋ ಬೇಡವೋ?
(ಮೊಳಕಾಲ್ಮೂರು)

ಉತ್ತರ: ಎರಡೂ ಸರಿ, ಗಿಡ ಬೇರೆ ಬೇರೆಯಾಗಿರಲಿ. ಕಟ್ಟೆಯ ತುಳಸಿಯ ಕದಿರು ಚಿವುಟಿ. ಬೀಜ ಕಟ್ಟಲು ಬಿಟ್ಟರೆ ಗಿಡ ಬಡಕಲಾಗುವುದು ನಿಜ. ಹಿತ್ತಲಲ್ಲಿ ಇನ್ನು ನಾಲ್ಕು ಕೃಷ್ಣತುಳಸಿ ಹಾಕಿ ಅವನ್ನು ಹೂವಿಗೇ ಬಿಡಿ. ತುಡುವೆ, ಕೋಲ್ಜೇನು, ಮುಜಂಟಿ ಮೂರೂ ಬರುವ ಹೂ ಅದು. ವರ್ಷಕ್ಕೊಮ್ಮೆ ಹಳೆಯದನ್ನು ಕಿತ್ತು ಅದರದೇ ಬೀಜದ ಸಸಿ ಹಾಕಿ.

ಪ್ರಶ್ನೆ: ಶಾಲೆಯ ಬೇಲಿಯಲ್ಲಿ ನೇರಳೆ ಗಂಟೆಯಂಥ ಹೂ ಇದೆ. ಒಣ ಕಾಯಿಗೆ ನೀರು ತಾಗಿದರೆ ಪಟಪಟ ಸಿಡಿಯುತ್ತದೆ, ಮಕ್ಕಳಿಗೆ ಆಟ. ಇದನ್ನು ತಂದು ಹಾಕಬಹುದೇ?
(ಚಳ್ಳಕೆರೆ)

ಉತ್ತರ: ಪಟಾಕಿ ಕಾಯಿ ಆಡಲು ಸೊಗಸು, ಹಿತ್ತಲಿಗೆ ತಲೆನೋವು. ಅಮೆರಿಕದಿಂದ ಬಂದ ರುಯೆಲಿಯಾ ಅದು. ಬೀಜ ದೂರ ಸಿಡಿಯುತ್ತದೆ, ಒದ್ದೆಯಾದರೆ ಅಂಟಿಕೊಳ್ಳುತ್ತದೆ, ಕಿತ್ತರೆ ಗೆಡ್ಡೆ ಬೇರು ಒಳಗುಳಿದು ಮತ್ತೆ ಚಿಗುರುತ್ತದೆ. ಜೇನು ಬರುತ್ತದೆ, ಅಲ್ಲಗಳೆಯುವುದಿಲ್ಲ. ಆದರೆ ಎರಡು ವರ್ಷದಲ್ಲಿ ಸಹದೇವಿ, ವಿಷ್ಣುಕ್ರಾಂತಿಯ ಜಾಗವನ್ನೆಲ್ಲ ಅದೇ ನುಂಗುತ್ತದೆ. ಕೆರೆಯಲ್ಲಿ ನೇರಳೆ ಹೂ ಬಿಡುವ ಅಂತರಗಂಗೆಯನ್ನೂ ಚೆಂದವೆಂದು ತೊಟ್ಟಿಗೆ ತರಬೇಡಿ.

ಪ್ರಶ್ನೆ: ಬದನೆ ಹೂ ಉದುರುತ್ತದೆ, ಹೀರೆ ಕಾಯಿ ಕಟ್ಟುವುದಿಲ್ಲ. ಶರಪುಂಖ ಹಾಕಿದರೆ ಸರಿಹೋಗುತ್ತದೆಯೇ?
(ಮಲೇಬೆನ್ನೂರು)

ಉತ್ತರ: ಬದನೆಗೆ ನೆರವಾಗುತ್ತದೆ. ಅದರ ಕೇಸರದ ಚೀಲ ತುದಿಯ ಸಣ್ಣ ರಂಧ್ರದಿಂದ ಮಾತ್ರ ಪರಾಗ ಬಿಡುತ್ತದೆ. ಹೂವನ್ನು ಅಪ್ಪಿ ಗುಂಯ್ ಎಂದು ನಡುಗಿಸುವ ನೀಲಿಪಟ್ಟಿ ಜೇನು, ಬಡಗಿ ದುಂಬಿ ಬಂದರೆ ಚೆನ್ನಾಗಿ ಉದುರುತ್ತದೆ. ಪೆಟ್ಟಿಗೆಯ ತುಡುವೆ ಜೇನಿಗೆ ಈ ವಿದ್ಯೆ ಇಲ್ಲ. ಬದನೆಯಲ್ಲಿ ಮಕರಂದವಿಲ್ಲದ್ದರಿಂದ ಈ ಜೇನುಗಳು ಹತ್ತಿರ ಉಳಿಯಲು ಬೇರೆ ಹೂ ಬೇಕು, ಶರಪುಂಖ, ತುಳಸಿ, ಲಕ್ಕಿಗಳ ಕೆಲಸ ಅದು. ಬದನೆ ಸಾಲಿನಿಂದ ಐದಾರು ಮಾರಿನೊಳಗೆ ಹಾಕಿ. ವಿಪರೀತ ಸೆಕೆಗೆ ಹೂ ಉದುರುವುದಕ್ಕೆ ಮಾತ್ರ ಯಾವ ಜೇನೂ ಮದ್ದಲ್ಲ.

ಹೀರೆಯ ಕತೆ ಬೇರೆ. ಅದು ಅರಳುವುದು ಇಳಿಹೊತ್ತಿಗೆ. ಸಂಜೆ ಐದರಿಂದ ಏಳರೊಳಗೆ ಅರಳಿದ ಗಂಡು ಹೂ ಕಿತ್ತು, ಪುಟ್ಟ ಕಾಯಿಯಿರುವ ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿ. ಒಂದು ಗಂಡಿನಿಂದ ಎರಡು ಮೂರು ಹೆಣ್ಣು ಹೂವಿಗೆ ಸಾಕು.

ಪ್ರಶ್ನೆ: ಲಕ್ಕಿ ಬೇಲಿ ಹಾಕಬೇಕು. ಬೀಜವೋ, ಕಡ್ಡಿಯೋ?
(ಭರಮಸಾಗರ)

ಉತ್ತರ: ಕಡ್ಡಿ. ಪೆನ್ಸಿಲ್ ದಪ್ಪದ, ಬಲಿತ, ಒಂದು ಗೇಣುದ್ದದ ಕಡ್ಡಿಯನ್ನು ಮೂರರಲ್ಲಿ ಎರಡು ಪಾಲು ಹೂತು ಆರಿದ್ರಾ, ಪುನರ್ವಸು ಮಳೆಯಲ್ಲಿ ಎರಡು ಅಡಿಗೊಂದರಂತೆ ನೆಡಿ. ಕಡ್ಡಿ ತಲೆಕೆಳಗಾಗದಿರಲಿ, ಕೆಳತುದಿ ಓರೆ, ಮೇಲ್ತುದಿ ನೇರ ಕತ್ತರಿಸಿಕೊಂಡರೆ ಗೊಂದಲವಿಲ್ಲ. ಬಿಟ್ಟರೆ ಆಳೆತ್ತರ ಮೀರಿ ಹತ್ತು ಅಡಿಗೂ ಹೋಗುತ್ತದೆ. ಸವರುವುದು ಹೂವಿನ ಸುತ್ತು ಮುಗಿದ ಮೇಲೆ, ಅದೂ ಒಂದು ಸಲಕ್ಕೆ ಅರ್ಧ ಬೇಲಿ ಮಾತ್ರ. ಉಳಿದರ್ಧದಲ್ಲಿ ಜೇನಿಗೆ ಹೂ ಇರಲಿ.

ಪ್ರಶ್ನೆ: ಬೀದಿಯಲ್ಲಿ ಆಡು ಕುರಿ ತಿರುಗುತ್ತವೆ, ಕಾಂಪೌಂಡ್ ಇಲ್ಲ. ಶರಪುಂಖ ಉಳಿದೀತೇ? ಜೋಗಿಮಟ್ಟಿಯಲ್ಲಿ ಒಳ್ಳೆಯ ಗಿಡಗಳಿವೆ, ಬೀಜ ಅಲ್ಲಿಂದ ತರಬಹುದೇ?
(ಚಿತ್ರದುರ್ಗ)

ಉತ್ತರ: ದನಗಳು ಶರಪುಂಖವನ್ನು ಇಷ್ಟಪಟ್ಟು ಮೇಯುವುದಿಲ್ಲ. ಬೇಲಿಯಿಲ್ಲದ ಬದುವಿನಲ್ಲೂ ಅದು ಉಳಿದಿರುವ ಗುಟ್ಟು ಇದೇ. ಆಡಿನ ಬಾಯಿಗೆ ಮಾತ್ರ ಖಾತರಿ ಹೇಳಲಾಗದು. ಎಳೆಯ ಸಸಿಗೆ ಮೊದಲ ಎರಡು ತಿಂಗಳು ಜಾಲಿ ಮುಳ್ಳು ಸುತ್ತಿ. ಬೇರನ್ನು ಕೆಲವೆಡೆ ಮೀನು ಹಿಡಿಯಲು ವಿಷವಾಗಿ ಬಳಸುವುದುಂಟು, ಕತ್ತರಿಸಿದ ಬೇರು ಕಡ್ಡಿಯನ್ನು ಮೀನಿನ ತೊಟ್ಟಿಗೆ ಎಸೆಯಬೇಡಿ. ಮನೆಮದ್ದೆಂದು ಅರೆದು ಕುಡಿಯುವುದೂ ಬೇಡ.

ಜೋಗಿಮಟ್ಟಿ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಲ್ಲಿಂದ ಅನುಮತಿಯಿಲ್ಲದೆ ಗಿಡ, ಬೀಜ ತರುವಂತಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೂ ಇದೇ ಮಾತು. ಚಿತ್ರದುರ್ಗದ ಕೋಟೆಯ ಒಳಗೂ ಕೈಹಾಕಬೇಡಿ. ಅಷ್ಟಕ್ಕೂ ಅಲ್ಲಿಗೆ ಹೋಗಬೇಕಾದ್ದೇನಿದೆ? ಊರಾಚೆಯ ಯಾವುದಾದರೂ ಹೊಲದ ಬದುವಿನಲ್ಲಿ, ರೈತರನ್ನು ಕೇಳಿ, ಜನವರಿಯ ಒಂದು ಬೆಳಿಗ್ಗೆ ಹೋದರೆ ಬೇಕಾದಷ್ಟು ಕಾಯಿ ಸಿಗುತ್ತದೆ. ಒಂದು ಗಿಡದ ಅರ್ಧದಷ್ಟು ಕಾಯಿ ಅಲ್ಲೇ ಬಿಟ್ಟು, ಐದಾರು ಬೇರೆ ಬೇರೆ ಗಿಡಗಳಿಂದ ಸ್ವಲ್ಪ ಸ್ವಲ್ಪ ತನ್ನಿ.